ಕೊಂಡಿ ಒತ್ತಿದರೆ ಸರಿಯಾದ ಕವಲು ತೆರೆಯಬೇಕು: ಚೆರಿಟ್ರೀ, ಝಿಮ್, ಜಾಪ್ಲಿನ್

ಆಲ್ದೂರು ಕಡೆಯ ನಮ್ಮ ಕಾಫಿ ತೋಟದ ಟಿಪ್ಪಣಿಗಳೆಲ್ಲ ಈಗ ಚೆರಿಟ್ರೀ ಎಂಬ ಟಿಪ್ಪಣಿ ಬರೆಯುವ ತಂತ್ರಾಂಶದಲ್ಲಿವೆ. ಝಿಮ್, ಜಾಪ್ಲಿನ್ ಕೂಡ ಅಂಥವೇ. ಇನ್ನು ಬೇರೆಡೆಗೆ ಸಾಗಿಸುವ ತಾಳ್ಮೆಯೂ ನನಗಿಲ್ಲ, ಅಗತ್ಯವೂ ಇಲ್ಲ.

ನನಗೆ ಬೇಕಾದದ್ದು ಇಷ್ಟು: ಎಡಗಡೆ ಮರದಂತೆ ಕವಲೊಡೆದ ಪಟ್ಟಿ, ಅದರಲ್ಲಿ ಅರೇಬಿಕಾ, ರೋಬಸ್ಟಾ, ಮೆಣಸು, ರೋಗ ಎಂಬ ಕವಲುಗಳು; ಬೆಳೆಗಳ ಕೆಳಗೆ ತೋಟದ ಒಂದೊಂದು ಬ್ಲಾಕು. ಬ್ಲಾಕಿನ ಪುಟದಲ್ಲಿ ‘ಕಾಂಡಕೊರಕ’ ಎಂದು ಬರೆದಿದ್ದರೆ, ಅದನ್ನು ಒತ್ತಿದಾಗ ಆ ಕವಲೇ ತೆರೆಯಬೇಕು. ಬಿಳಿ ಕಾಂಡಕೊರಕದ ದುಂಬಿ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲೇ ಹುಳು ಬಿದ್ದ ಗಿಡಗಳನ್ನು ಗುರುತಿಸಿ ಕಿತ್ತು ಸುಡಬೇಕು. ಹಾಗಾಗಿ ಅರೇಬಿಕಾದ ಪ್ರತಿ ಬ್ಲಾಕಿನಿಂದಲೂ ಆ ಒಂದು ಪುಟಕ್ಕೆ ಕೊಂಡಿ ಇದೆ.

ಮೊದಲು ಬಳಸಿದ್ದು ಝಿಮ್. ಅದರಲ್ಲಿ ಪ್ರತಿ ಪುಟವೂ ಒಂದು ಸಾದಾ ಪಠ್ಯ ಕಡತ, ಕವಲುಗಳೆಲ್ಲ ಫೋಲ್ಡರುಗಳು. ಕೊಂಡಿಯೊಳಗೆ ಇರುವುದು ಪುಟದ ಹೆಸರಿನ ದಾರಿ: ‘ರೋಗ:ಕಾಂಡಕೊರಕ’. ಝಿಮ್ ಒಳಗಿನಿಂದಲೇ ಹೆಸರು ಬದಲಿಸಿದರೆ ಕೊಂಡಿಗಳನ್ನೂ ತಿದ್ದಲೇ ಎಂದು ಕೇಳುತ್ತದೆ, ಅಚ್ಚುಕಟ್ಟಾಗಿ ತಿದ್ದುತ್ತದೆ. ಆದರೆ ಅದೇ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಬರೆಯುವ ನನ್ನ ತಮ್ಮ, ಝಿಮ್ ತೆರೆಯದೆ, ‘ರೋಗ’ ಎಂಬ ಫೋಲ್ಡರನ್ನು ‘ಕೀಟ-ರೋಗ’ ಎಂದು ಮಾಡಿಟ್ಟಿದ್ದ.

ಕೊಂಡಿ ಒತ್ತಿದೆ. ಪುಟ ತೆರೆಯಿತು, ತಲೆಬರಹವೂ ಸರಿಯಾಗಿತ್ತು, ಕೆಳಗೆ ಮಾತ್ರ ಏನೂ ಇಲ್ಲ. ‘ಪುಟ ಸಿಗಲಿಲ್ಲ’ ಎಂಬ ಒಂದು ಮಾತೂ ಇಲ್ಲ. ಇಲ್ಲದ ಪುಟಕ್ಕೆ ಕೊಂಡಿ ಇದ್ದರೆ ಹೊಸ ಪುಟ ಬರೆಯಲು ಜಾಗ ಮಾಡಿಕೊಡುವುದು ಝಿಮ್‌ನ ಪದ್ಧತಿ. ಹೊಸದಾಗಿ ಬರೆಯುವವರಿಗೆ ಅದು ಅನುಕೂಲವೇ. ನನಗೆ ಮಾತ್ರ ವರ್ಷಗಳ ಟಿಪ್ಪಣಿ ಅಳಿಸಿಹೋಯಿತೆಂದು ಎದೆ ಧಸಕ್ಕೆಂದಿತು. ‘ಏನೋ ಇದು, ಕಾಂಡಕೊರಕದ ಪುಟ ಎಲ್ಲಿ?’ ಎಂದರೆ ‘ಹೆಸರು ಸ್ವಲ್ಪ ಚೆನ್ನಾಗಿ ಮಾಡಿದೆ ಅಷ್ಟೇ ಅಣ್ಣ’ ಎಂದ. ಆ ಖಾಲಿ ಪುಟದಲ್ಲೇ ಬರೆಯುತ್ತಾ ಹೋಗಿದ್ದರೆ ಮರದಲ್ಲಿ ಕಾಂಡಕೊರಕ ಎರಡಾಗುತ್ತಿತ್ತು. ಸಾದಾ ಪಠ್ಯವಾದ್ದರಿಂದ ಹುಡುಕಿ ಬದಲಿಸಿ ಸರಿಮಾಡಿದೆ. ಆ ಶ್ರೇಯಸ್ಸು ಝಿಮ್‌ಗೇ ಸಲ್ಲಬೇಕು.

ಚೆರಿಟ್ರೀಯಲ್ಲಿ ಪ್ರತಿ ಕವಲಿಗೂ ಒಂದು ಸಂಖ್ಯೆ. ಕೊಂಡಿ ಹಿಡಿಯುವುದು ಆ ಸಂಖ್ಯೆಯನ್ನು. ಮನೆ ಬದಲಿಸಿದರೂ ಆಧಾರ್ ಸಂಖ್ಯೆ ಬದಲಾಗದ ಹಾಗೆ, ಹೆಸರು ತಿದ್ದಿದರೂ, ಬೇರೆ ಕವಲಿನ ಕೆಳಗೆ ಎಳೆದು ಹಾಕಿದರೂ ಕೊಂಡಿ ತಪ್ಪುವುದಿಲ್ಲ. ಕಂಟ್ರೋಲ್ ಮತ್ತು ಎಲ್ ಒತ್ತಿದರೆ ಇಡೀ ಮರವೇ ಮುಂದೆ ಬರುತ್ತದೆ, ಬೇಕಾದ ಕವಲನ್ನು ಆರಿಸಿದರಾಯಿತು. ಉದ್ದದ ಪುಟದ ನಡುವೆ ಆಂಕರ್ ಎಂಬ ಗುರುತು ನೆಟ್ಟು ನೇರವಾಗಿ ಅಲ್ಲಿಗೇ ಹೋಗಬಹುದು. ಕವಲನ್ನು ಅಳಿಸಿಬಿಟ್ಟಿದ್ದರೆ, ಅದು ಈಗ ಇಲ್ಲ ಎಂದು ಸಂಖ್ಯೆಯ ಸಮೇತ ಹೇಳುತ್ತದೆ. ನನಗೆ ಬೇಕಾಗಿದ್ದುದೇ ಆ ಒಂದು ವಾಕ್ಯ. ಒಂದು ಕೊರತೆ: ಕವಲಿನ ಹೆಸರು ಬದಲಾದರೂ ಪುಟದೊಳಗಿನ ಕೊಂಡಿಯ ಅಕ್ಷರಗಳು ಹಳೆಯವೇ ಉಳಿಯುತ್ತವೆ.

ಜಾಪ್ಲಿನ್‌ನ ಕೊಂಡಿಗಳೂ ಗುರುತು ಸಂಖ್ಯೆಯ ಮೇಲೆಯೇ ನಿಂತಿವೆ. ಆದರೆ ಅಲ್ಲಿ ಮರವಾಗುವುದು ನೋಟ್‌ಬುಕ್‌ಗಳು ಮಾತ್ರ. ಟಿಪ್ಪಣಿಗಳು ಪಕ್ಕದ ಪಟ್ಟಿಯಲ್ಲಿ ಸಾಲಾಗಿ ಕೂರುತ್ತವೆ, ಟಿಪ್ಪಣಿಯ ಕೆಳಗೆ ಟಿಪ್ಪಣಿ ಇಡಲಾಗದು.

ಮೂರೂ ಉಚಿತ, ಹಾಗಾಗಿ ಹಣದ ಮಾತಿಲ್ಲ. ಫೋನಿನಲ್ಲೇ ಬರೆಯುವವರು ಜಾಪ್ಲಿನ್ ಹಿಡಿಯಲಿ, ಚೆರಿಟ್ರೀಗೆ ಮೊಬೈಲ್ ಆ್ಯಪ್ ಇಲ್ಲ. ನಮ್ಮ ತೋಟದಲ್ಲಿ ಫೋನಿಗೆ ಸಿಗ್ನಲ್ಲೇ ಸಿಗುವುದಿಲ್ಲ. ನಾನು ಬರೆಯುವುದು ರಾತ್ರಿ ಊಟವಾದ ಮೇಲೆ, ಹಳೆಯ ಲ್ಯಾಪ್‌ಟಾಪಿನ ಮುಂದೆ. ಎಲ್ಲವನ್ನೂ ಒಂದೇ ಕಡತದಲ್ಲಿ ಇಟ್ಟಿದ್ದೇನೆ, ಭಾನುವಾರ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳುತ್ತೇನೆ.