ಪಾಸ್‌ವರ್ಡ್ ಎಲ್ಲಾ ನನ್ನ ಕೈಯಲ್ಲಿರೋ ಒಂದೇ ಫೈಲಲ್ಲಿ: ಕೀಪಾಸ್‌ಎಕ್ಸ್‌ಸಿ ರಿವ್ಯೂ

ಪಾಸ್‌ವರ್ಡ್ ಮ್ಯಾನೇಜರ್ ಯಾವುದು ಹಾಕ್ಕೊಳ್ಳಲಿ ಅಂತ ಯಾರಾದ್ರೂ ಕೇಳಿದ್ರೆ ನನ್ನ ಬಾಯಿಗೆ ಮೊದಲು ಬರೋ ಹೆಸರು ಕೀಪಾಸ್‌ಎಕ್ಸ್‌ಸಿ. ಎಲ್ಲರಿಗೂ ಸರಿಹೋಗುತ್ತಾ ಅಂದ್ರೆ ಇಲ್ಲ, ಯಾರಿಗೆ ಆಗಿಬರಲ್ಲ ಅಂತಾನೂ ಹೇಳ್ತೀನಿ. ಆದ್ರೆ ದಿನಾ ಬಳಸೋನಾಗಿ ನನಗೆ ಇದರ ಮೇಲೆ ಇರೋ ನಂಬಿಕೆ ಬೇರೆ ಯಾವ ಸಾಫ್ಟ್‌ವೇರ್ ಮೇಲೂ ಇಲ್ಲ, ಅದಕ್ಕೆ ಕಾರಣ ಸ್ವಲ್ಪ ಉದ್ದಕ್ಕೇ ಹೇಳಬೇಕು.

ಮೊದಲು ಇದು ಏನು ಅಂತ. ಇದರಲ್ಲಿ ಅಕೌಂಟ್ ಮಾಡೋ ಹಾಗೇ ಇಲ್ಲ, ಸೈನ್ ಅಪ್ ಇಲ್ಲ, ಸಬ್‌ಸ್ಕ್ರಿಪ್ಶನ್ ಇಲ್ಲ, ಇಮೇಲ್ ಐಡಿ ಕೂಡ ಕೇಳಲ್ಲ. ನಿಮ್ಮ ಪಾಸ್‌ವರ್ಡ್‌ಗಳೆಲ್ಲ ಒಂದು ಎನ್‌ಕ್ರಿಪ್ಟ್ ಆದ, ಅಂದ್ರೆ ಕೀ ಇಲ್ದೆ ಯಾರಿಗೂ ಓದೋಕಾಗದ ಫೈಲಲ್ಲಿ ಕೂತಿರುತ್ತೆ, ಆ ಫೈಲ್ ನಿಮ್ಮ ಕಂಪ್ಯೂಟರಲ್ಲಿರುತ್ತೆ, ಅಷ್ಟೇ. ಡೊಮಿನಿಕ್ ರೈಶ್ಲ್ ಅನ್ನೋರು 2003ರಲ್ಲಿ ವಿಂಡೋಸ್‌ಗೆ ಅಂತ ಶುರು ಮಾಡಿದ ಕೀಪಾಸ್ ಇದರ ಮೂಲ. ಅದನ್ನ ನೋಡಿ ಕೀಪಾಸ್‌ಎಕ್ಸ್ ಅಂತ ಒಂದು ಬಂತು, ಅದರ ಕೆಲಸ ನಿಧಾನ ಆದಾಗ ಕಮ್ಯುನಿಟಿಯವರೇ ಕೋಡ್ ತಗೊಂಡು ಮುಂದುವರಿಸಿದ್ದು ಈ ಕೀಪಾಸ್‌ಎಕ್ಸ್‌ಸಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ, ಪೂರ್ತಿ ಓಪನ್ ಸೋರ್ಸ್, ಅಂದ್ರೆ ಕೋಡನ್ನ ಯಾರು ಬೇಕಾದ್ರೂ ನೋಡಬಹುದು.

ಫೈಲ್ ನಮ್ಮ ಹತ್ರಾನೇ ಇದ್ರೆ ಏನು ಲಾಭ ಅಂತ ಕೇಳೋರಿಗೆ 2022ರಲ್ಲಿ ಲಾಸ್ಟ್‌ಪಾಸ್ ಅನ್ನೋ ಕ್ಲೌಡ್ ಪಾಸ್‌ವರ್ಡ್ ಮ್ಯಾನೇಜರ್‌ಗೆ ಆಗಿದ್ದನ್ನ ನೆನಪಿಸ್ತೀನಿ. ಅವರ ಕ್ಲೌಡ್ ಸ್ಟೋರೇಜಲ್ಲಿದ್ದ ಗ್ರಾಹಕರ ವಾಲ್ಟ್‌ಗಳ (ಪಾಸ್‌ವರ್ಡ್ ಇಡೋ ತಿಜೋರಿ ಅನ್ನಿ) ಬ್ಯಾಕಪ್ ಕಳ್ಳರ ಕೈಗೆ ಹೋಯ್ತು. ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿದ್ವು ನಿಜ, ಆದ್ರೆ ಯಾವ ಯಾವ ಸೈಟ್‌ಗೆ ಅಕೌಂಟ್ ಇದೆ ಅನ್ನೋ ವಿಳಾಸಗಳು ಎನ್‌ಕ್ರಿಪ್ಟ್ ಆಗಿರಲಿಲ್ಲ, ಅಂದ್ರೆ ಯಾರ ವಾಲ್ಟ್ ಒಡೆಯೋಕೆ ಮೊದಲು ಕೂತ್ಕೋಬೇಕು ಅಂತ ಕಳ್ಳರಿಗೆ ಪಟ್ಟಿನೇ ಸಿಕ್ಕ ಹಾಗಾಯ್ತು. ಲಕ್ಷಾಂತರ ಜನರ ವಾಲ್ಟ್ ಒಂದೇ ಕಡೆ ಇದ್ರೆ ಕಳ್ಳರಿಗೆ ಅಲ್ಲಿಗೆ ನುಗ್ಗೋಕೆ ದುಡ್ಡು ಸಮಯ ಎರಡೂ ಹಾಕೋದು ಲಾಭಾನೇ. ನನ್ನೊಬ್ಬನ ಫೈಲಿಗೋಸ್ಕರ ಅಷ್ಟು ಕಷ್ಟ ಯಾರೂ ಪಡಲ್ಲ, ಪಟ್ರೂ ಸೈಟ್ ಹೆಸರು, ಯೂಸರ್‌ನೇಮ್, ನೋಟ್ಸ್ ಎಲ್ಲಾ ಎನ್‌ಕ್ರಿಪ್ಶನ್ ಒಳಗೇ ಇರುತ್ತೆ. ಎನ್‌ಕ್ರಿಪ್ಶನ್ ವಿಧಾನವಾಗಿ ಎಇಎಸ್-256 ಅಥವಾ ಚಾಚಾ20 ಆರಿಸ್ಕೋಬಹುದು. ಮಾಸ್ಟರ್ ಪಾಸ್‌ವರ್ಡಿಂದ, ಅಂದ್ರೆ ಈ ಫೈಲ್ ತೆರೆಯೋಕೆ ನೀವಿಡೋ ಪಾಸ್‌ವರ್ಡಿಂದ, ಕೀ ತಯಾರಿಸೋಕೆ ಆರ್ಗಾನ್2 ಇದೆ, ಇದು ಬೇಕಂತಲೇ ಮೆಮೊರಿ ಜಾಸ್ತಿ ತಿನ್ನೋ ಹಾಗೆ ಮಾಡಿರೋದು, ಗ್ರಾಫಿಕ್ಸ್ ಕಾರ್ಡ್‌ಗಳನ್ನ ಸಾಲಾಗಿ ಜೋಡಿಸಿಟ್ಕೊಂಡು ಕೋಟಿಗಟ್ಟಲೆ ಊಹೆ ಮಾಡೋರಿಗೆ ಪ್ರತಿ ಊಹೆನೂ ಭಾರ ಆಗ್ಲಿ ಅಂತ.

ಆದ್ರೆ ಇಷ್ಟೆಲ್ಲಾ ಗಣಿತ ಇದ್ರೂ ಮಾಸ್ಟರ್ ಪಾಸ್‌ವರ್ಡ್ ಅಂತ ಹುಟ್ಟಿದ ದಿನಾಂಕ ಹಾಕಿದ್ರೆ ಏನೂ ಉಪಯೋಗ ಇಲ್ಲ. ಇದರ ಜೊತೆ ಬರೋ ಜನರೇಟರಲ್ಲಿ ಪಾಸ್‌ಫ್ರೇಸ್ (ಹಲವು ಪದ ಸೇರಿಸಿ ಮಾಡೋ ಪಾಸ್‌ವರ್ಡ್) ಅಂತ ಒಂದು ಟ್ಯಾಬ್ ಇದೆ, ದಯವಿಟ್ಟು ಅದನ್ನ ಬಳಸಿ. ಅದು 7776 ಪದಗಳ ಪಟ್ಟಿಯಿಂದ ರ‍್ಯಾಂಡಮ್ ಆಗಿ ಪದ ಎತ್ತಿಕೊಡುತ್ತೆ. ಆ ಸಂಖ್ಯೆ ಬಂದಿರೋದು ಐದು ದಾಳ ಉರುಳಿಸಿದ್ರೆ ಬರಬಹುದಾದ ಒಟ್ಟು ಸಾಧ್ಯತೆಗಳಿಂದ, ಹಿಂದೆ ಜನ ನಿಜವಾಗ್ಲೂ ದಾಳ ಹಾಕಿನೇ ಪದ ಆರಿಸ್ತಿದ್ರು. ಆರು ಪದ ತಗೊಂಡ್ರೆ ಹತ್ರಹತ್ರ 77 ಬಿಟ್ ಬಲ ಸಿಗುತ್ತೆ (ಪ್ರತಿ ಬಿಟ್‌ಗೂ ಊಹೆ ಮಾಡೋರ ಕೆಲಸ ಎರಡು ಪಟ್ಟಾಗುತ್ತೆ), ಅದೂ ಬಾಯಿಪಾಠ ಮಾಡೋಕೆ ಆಗೋ ಪದಗಳಲ್ಲಿ. ಪದಗಳನ್ನ ನೀವೇ ಆರಿಸ್ಬೇಡಿ, ನಮ್ಮ ತಲೆಗೆ ತಾನಾಗೇ ಹೊಳೆಯೋ ಪದ ಇನ್ನೊಬ್ಬರಿಗೂ ಹೊಳೆಯುತ್ತೆ. ಬೇಕಿದ್ರೆ ನಿಮ್ಮದೇ ಪದಪಟ್ಟಿ ಸೇರಿಸೋ ಅವಕಾಶಾನೂ ಇದೆ, ಇಂಗ್ಲಿಷ್ ಪದ ನೆನಪಿರಲ್ಲ ಅನ್ನೋರು ಕನ್ನಡ ಪದಗಳ ಪಟ್ಟಿ ಮಾಡಿ ಹಾಕ್ಕೋಬಹುದು, ಆದ್ರೆ ಪಟ್ಟಿ ದೊಡ್ಡದಿರಬೇಕು, ನೂರಿನ್ನೂರು ಪದ ಸಾಲದು.

ಈಗ ನನಗೆ ಅತಿ ಮುಖ್ಯ ಅನ್ಸೋ ವಿಷಯಕ್ಕೆ ಬರ್ತೀನಿ, ಬ್ರೌಸರ್ ಎಕ್ಸ್‌ಟೆನ್ಶನ್, ಅಂದ್ರೆ ಬ್ರೌಸರ್‌ಗೆ ಸೇರಿಸ್ಕೊಳ್ಳೋ ಸಣ್ಣ ಪ್ರೋಗ್ರಾಮ್. ಜನ ಇದನ್ನ ಬರೀ ಟೈಪ್ ಮಾಡೋ ಕೆಲಸ ಉಳಿಸೋಕೆ ಅಂದ್ಕೊಳ್ತಾರೆ, ಅದಲ್ಲ. ಇದು ಪಾಸ್‌ವರ್ಡ್ ತುಂಬೋ ಮುಂಚೆ ಪೇಜಿನ ನಿಜವಾದ ವಿಳಾಸ ನೋಡುತ್ತೆ, ನೀವು ಸೇವ್ ಮಾಡಿದ ವಿಳಾಸಕ್ಕೆ ಹೊಂದಿಲ್ಲ ಅಂದ್ರೆ ಏನೂ ತೋರಿಸಲ್ಲ. ಗೇಮ್ ಆಡೋರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಹೇಳ್ತೀನಿ ಕೇಳಿ. ಗೇಮ್ ಕೊಳ್ಳೋ ಸ್ಟೀಮಲ್ಲಿ ಅಥವಾ ಚಾಟ್ ಮಾಡೋ ಡಿಸ್ಕಾರ್ಡಲ್ಲಿ ಗೊತ್ತಿರೋ ಫ್ರೆಂಡ್ ಅಕೌಂಟಿಂದಾನೇ ಮೆಸೇಜ್ ಬರುತ್ತೆ, ನಮ್ಮ ಟೀಮ್‌ಗೆ ಒಂದು ವೋಟ್ ಹಾಕು ಮಚ್ಚಾ ಅಂತ. ಆ ಅಕೌಂಟ್ ಆಗ್ಲೇ ಹ್ಯಾಕ್ ಆಗಿರುತ್ತೆ. ಲಿಂಕ್ ಒತ್ತಿದ್ರೆ ಟೂರ್ನಮೆಂಟ್ ಸೈಟ್ ತರ ಒಂದು ಪೇಜು, ಅಲ್ಲಿ ಸ್ಟೀಮ್ ಮೂಲಕ ಲಾಗಿನ್ ಅಂತ ಒತ್ತಿದ್ರೆ ಸಣ್ಣ ವಿಂಡೋ ಒಂದು ತೆರ್ಕೊಳ್ಳುತ್ತೆ, ಅದರ ಮೇಲಿನ ವಿಳಾಸ ಪಕ್ಕಾ ಸ್ಟೀಮ್‌ದೇ, ಬೀಗದ ಗುರುತೂ ಇರುತ್ತೆ. ಆದ್ರೆ ಅದು ವಿಂಡೋನೇ ಅಲ್ಲ, ಪೇಜಿನ ಒಳಗೆ ಬರೆದ ಚಿತ್ರ, ವಿಳಾಸದ ಪಟ್ಟಿನೂ ಚಿತ್ರಾನೇ. ಎಂಥಾ ಹುಷಾರಿನವರ ಕಣ್ಣಿಗೂ ರಾತ್ರಿ ಹೊತ್ತಲ್ಲಿ, ಆಟದ ಮಧ್ಯೆ, ಅದು ಗೊತ್ತಾಗೋದು ಕಷ್ಟ. ಎಕ್ಸ್‌ಟೆನ್ಶನ್‌ಗೆ ಆ ಚಿತ್ರ ಕಾಣೋದೇ ಇಲ್ಲ, ಅದಕ್ಕೆ ಕಾಣೋದು ಆ ಕಳ್ಳ ಸೈಟಿನ ನಿಜವಾದ ಡೊಮೇನ್, ಹಾಗಾಗಿ ಸುಮ್ನಿರುತ್ತೆ. ಯಾವಾಗ್ಲೂ ತಾನಾಗೇ ತುಂಬ್ತಿದ್ದ ಪಾಸ್‌ವರ್ಡ್ ಇವತ್ತು ಯಾಕೆ ಬರ್ತಿಲ್ಲ ಅಂತ ಒಂದು ಕ್ಷಣ ನಿಂತ್ರೆ ಸಾಕು, ಇನ್ವೆಂಟರಿಯಲ್ಲಿರೋ ವರ್ಷಗಟ್ಟಲೆ ಕೂಡಿಟ್ಟ ಸ್ಕಿನ್‌ಗಳು (ಆಟದೊಳಗಿನ ಅಲಂಕಾರದ ವಸ್ತುಗಳು) ಉಳ್ಕೊಳ್ಳುತ್ತೆ. ಆ ಹೊತ್ತಲ್ಲಿ ಮಾತ್ರ ಕೈಯಲ್ಲಿ ಕಾಪಿ ಮಾಡಿ ಪೇಸ್ಟ್ ಮಾಡೋಕೆ ಹೋಗ್ಬೇಡಿ, ಇದ್ದ ಒಂದು ರಕ್ಷಣೆನೂ ಹೋಗುತ್ತೆ.

ಇದೇ ಕಾರಣಕ್ಕೆ ಆಟೋ-ಟೈಪ್ ಬಗ್ಗೆ ಒಂದು ಎಚ್ಚರಿಕೆ. ಆಟೋ-ಟೈಪ್ ಅಂದ್ರೆ ಒಂದು ಶಾರ್ಟ್‌ಕಟ್ ಒತ್ತಿದ್ರೆ ಪ್ರೋಗ್ರಾಮೇ ಕೀಬೋರ್ಡ್ ತರ ಯೂಸರ್‌ನೇಮ್, ಪಾಸ್‌ವರ್ಡ್ ಟೈಪ್ ಮಾಡೋದು. ಗೇಮ್ ಲಾಂಚರ್‌ಗಳಲ್ಲಿ, ಬ್ರೌಸರ್ ಅಲ್ಲದ ಬೇರೆ ಆಪ್‌ಗಳಲ್ಲಿ ಇದು ತುಂಬಾ ಚೆನ್ನಾಗಿದೆ, ನನಗೆ ಇದಿಲ್ದೆ ಆಗಲ್ಲ. ಆದ್ರೆ ಇದು ಹೊಂದಿಸಿ ನೋಡೋದು ವಿಂಡೋದ ಟೈಟಲ್ ಮಾತ್ರ, ಟೈಟಲ್ ಅನ್ನ ಯಾವ ಸೈಟ್ ಬೇಕಾದ್ರೂ ತನಗೆ ಬೇಕಾದ ಹಾಗೆ ಇಟ್ಕೋಬಹುದು. ಬ್ರೌಸರ್‌ಗೆ ಎಕ್ಸ್‌ಟೆನ್ಶನ್, ಮಿಕ್ಕಿದ್ದಕ್ಕೆ ಆಟೋ-ಟೈಪ್, ಹೀಗೆ ಬೇರೆ ಬೇರೆ ಇಟ್ಕೊಂಡ್ರೆ ಒಳ್ಳೇದು. ಲಿನಕ್ಸಲ್ಲಿ ವೇಲ್ಯಾಂಡ್ (ಸ್ಕ್ರೀನ್ ಮೇಲೆ ವಿಂಡೋಗಳನ್ನ ತೋರಿಸೋ ವ್ಯವಸ್ಥೆ) ಬಳಸೋರಿಗೆ ಆಟೋ-ಟೈಪ್ ಸರಿಯಾಗಿ ಕೆಲಸ ಮಾಡಲ್ಲ, ಫ್ಲಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ರೂಪದ ಬ್ರೌಸರ್ ಇದ್ರೆ ಎಕ್ಸ್‌ಟೆನ್ಶನ್ ಪ್ರೋಗ್ರಾಮ್ ಜೊತೆ ಮಾತಾಡೋಕೂ ಸ್ಯಾಂಡ್‌ಬಾಕ್ಸ್ (ಆಪನ್ನ ಬೇರೆ ಪ್ರೋಗ್ರಾಮ್‌ಗಳಿಂದ ದೂರ ಇಡೋ ಬೇಲಿ) ಅಡ್ಡ ಬರುತ್ತೆ, ಇದು ಮೊದಲೇ ಗೊತ್ತಿದ್ರೆ ಒಳ್ಳೇದು.

ಎರಡನೇ ಹಂತದ ಕೋಡ್, ಅಂದ್ರೆ 30 ಸೆಕೆಂಡಿಗೆ ಒಂದ್ಸಲ ಬದಲಾಗೋ ಆರಂಕಿ, ಅದನ್ನೂ ಇದರೊಳಗೇ ಇಡಬಹುದು. ಇಡಬೇಕಾ ಬೇಡವಾ ಅನ್ನೋದರ ಮೇಲೆ ಜನ ಜಗಳಾನೇ ಆಡ್ತಾರೆ. ಪಾಸ್‌ವರ್ಡೂ ಕೋಡೂ ಒಂದೇ ಫೈಲಲ್ಲಿದ್ರೆ ಎರಡು ಹಂತ ಯಾಕೆ ಬೇಕು ಅನ್ನೋದು ಒಂದು ವಾದ, ಅದು ಸರಿನೇ. ಆದ್ರೆ ಸೈಟಿನ ಕಡೆಯಿಂದ ಪಾಸ್‌ವರ್ಡ್ ಸೋರಿದ್ರೆ ಕೋಡ್ ಎಲ್ಲಿದ್ರೂ ಕಾಪಾಡುತ್ತೆ, ಎಸ್‌ಎಂಎಸ್ ಕೋಡ್ ತರ ಸಿಮ್ ಅದಲು ಬದಲು ಮಾಡಿ ಕದಿಯೋಕೂ ಆಗಲ್ಲ. ನಾನು ಇಮೇಲ್ ಮತ್ತೆ ದುಡ್ಡಿಗೆ ಸಂಬಂಧಪಟ್ಟ ಕೋಡ್‌ಗಳನ್ನ ಬೇರೆ ಡಿವೈಸಲ್ಲಿ ಇಡ್ತೀನಿ, ಉಳಿದ ಗೇಮ್, ಫೋರಮ್‌ದೆಲ್ಲಾ ಇದರಲ್ಲೇ. ಸ್ಟೀಮಿನ ಐದಕ್ಷರದ ಕೋಡ್‌ಗೂ ಸೆಟ್ಟಿಂಗ್ ಇದೆ, ಆದ್ರೆ ಅದರ ಸೀಕ್ರೆಟ್ ಕೀನ ಸ್ಟೀಮ್ ಆಪಿಂದ ಹೊರಗೆ ತೆಗೆಯೋದು ಸುಲಭ ಇಲ್ಲ, ಆಪೇ ಬಳಸಿ. 2024ರ 2.7.7 ಆವೃತ್ತಿಯಿಂದ ಪಾಸ್‌ಕೀನೂ (ಪಾಸ್‌ವರ್ಡ್ ಬದಲು ಬಳಸೋ ಡಿಜಿಟಲ್ ಕೀ) ಸೇವ್ ಆಗುತ್ತೆ.

ರಿಪೋರ್ಟ್ಸ್ ಅಂತ ಒಂದು ಭಾಗ ಇದೆ, ತುಂಬಾ ಜನ ಅದನ್ನ ತೆರೆದೇ ನೋಡಿರಲ್ಲ. ಎಲ್ಲೆಲ್ಲಿ ಒಂದೇ ಪಾಸ್‌ವರ್ಡ್ ಎರಡು ಕಡೆ ಇದೆ, ಯಾವುದು ದುರ್ಬಲ ಅಂತ ಪಟ್ಟಿ ಕೊಡುತ್ತೆ. ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ ಹ್ಯಾವ್ ಐ ಬೀನ್ ಪೋನ್ಡ್ ಅನ್ನೋ, ಸೋರಿಕೆಗಳನ್ನ ಕೂಡಿಡೋ ಸೈಟ್ ಜೊತೆ ಹೋಲಿಸಿ ಯಾವ ಪಾಸ್‌ವರ್ಡ್ ಆಗ್ಲೇ ಸೋರಿದೆ ಅಂತಾನೂ ಹೇಳುತ್ತೆ. ನನ್ನ ಪಾಸ್‌ವರ್ಡ್ ಅವರಿಗೆ ಕಳಿಸ್ತಾರಾ ಅಂತ ಹೆದರ್ಬೇಡಿ, ಕಳಿಸೋದು ಅದರ ಹ್ಯಾಶ್‌ನ (ಪಾಸ್‌ವರ್ಡಿಂದ ಲೆಕ್ಕ ಹಾಕಿ ತೆಗೆದ, ವಾಪಸ್ ತಿರುಗಿಸೋಕಾಗದ ಅಕ್ಷರಗಳ ಸಾಲು) ಮೊದಲ ಐದು ಅಕ್ಷರ ಮಾತ್ರ, ಆ ಐದಕ್ಷರಕ್ಕೆ ಹೊಂದೋ ನೂರಾರು ಹ್ಯಾಶ್ ವಾಪಸ್ ಬರುತ್ತೆ, ಹೋಲಿಕೆ ನಡೆಯೋದು ನಿಮ್ಮ ಕಂಪ್ಯೂಟರಲ್ಲೇ. ಅದನ್ನೂ ನೀವು ಹೂಂ ಅಂದ್ರೆ ಮಾತ್ರ ಮಾಡುತ್ತೆ, ತಾನಾಗೇ ನೆಟ್‌ಗೆ ಹೋಗಲ್ಲ. 2009ರಲ್ಲಿ ರಾಕ್‌ಯು ಅನ್ನೋ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಸೋರಿತ್ತು, ಎನ್‌ಕ್ರಿಪ್ಟ್ ಗಿನ್‌ಕ್ರಿಪ್ಟ್ ಏನೂ ಇಲ್ದೆ ಬರೀ ಅಕ್ಷರಗಳಾಗೇ ಇಟ್ಟಿದ್ರು. ಆ ಪಟ್ಟಿನ ಇವತ್ತಿಗೂ ಪಾಸ್‌ವರ್ಡ್ ಒಡೆಯೋ ಟೂಲ್‌ಗಳಿಗೆ ಮೊದಲು ಉಣಿಸ್ತಾರೆ. ಹಳೇ ಪಾಸ್‌ವರ್ಡ್‌ಗಳು ಸಾಯೋದೇ ಇಲ್ಲ.

ಇನ್ನು ಕೊರತೆಗಳು. ಫೋನಿಗೆ ಇವರದೇ ಆಪ್ ಇಲ್ಲ. ಫೈಲ್ ಫಾರ್ಮ್ಯಾಟ್ ಒಂದೇ ಆಗಿರೋದ್ರಿಂದ ಆಂಡ್ರಾಯ್ಡಲ್ಲಿ ಕೀಪಾಸ್‌ಡಿಎಕ್ಸ್ ಅಥವಾ ಕೀಪಾಸ್2ಆಂಡ್ರಾಯ್ಡ್, ಐಫೋನಲ್ಲಿ ಕೀಪಾಸಿಯಂ ಅಥವಾ ಸ್ಟ್ರಾಂಗ್‌ಬಾಕ್ಸ್ ಬಳಸಿ ಅದೇ ಫೈಲ್ ತೆರೀಬಹುದು, ಆದ್ರೆ ಅವು ಬೇರೆ ಬೇರೆ ಜನ ಮಾಡಿರೋದು, ನಂಬಬೇಕಾದವರ ಪಟ್ಟಿ ಒಂದು ಉದ್ದ ಆಗುತ್ತೆ. ಸಿಂಕ್ ಅನ್ನೋದು ಇದರಲ್ಲಿ ಇಲ್ವೇ ಇಲ್ಲ. ಫೈಲನ್ನ ಯಾವುದಾದ್ರೂ ಕ್ಲೌಡ್ ಡ್ರೈವಲ್ಲಿ ಇಡಬೇಕು, ಇಲ್ಲಾಂದ್ರೆ ಸಿಂಕ್‌ಥಿಂಗ್ ಹಾಕಿ ಡಿವೈಸ್‌ಗಳ ಮಧ್ಯೆ ನೇರ ಓಡಾಡಿಸ್ಬೇಕು. ಫೋನಲ್ಲೂ ಕಂಪ್ಯೂಟರಲ್ಲೂ ಒಂದೇ ಹೊತ್ತಿಗೆ ಬದಲಾಯಿಸಿದ್ರೆ ಎರಡು ಕಾಪಿ ಆಗುತ್ತೆ, ಡೇಟಾಬೇಸ್ ಮೆನುವಲ್ಲಿ ಮರ್ಜ್ ಇದೆ, ಅದು ಚೆನ್ನಾಗೇ ಸೇರಿಸುತ್ತೆ, ಆದ್ರೆ ಮರ್ಜ್ ಮಾಡ್ಬೇಕು ಅಂತ ಗೊತ್ತಿರ್ಬೇಕಲ್ಲ. ಮನೆಯವರೆಲ್ಲಾ ಸೇರಿ ಹಂಚ್ಕೊಳ್ಳೋಕೆ ಕೀಶೇರ್ ಅಂತ ಒಂದಿದೆ, ಅಪ್ಪ ಅಮ್ಮನಿಗೆ ಅದನ್ನ ಹೇಳ್ಕೊಡೋದು ಸುಲಭದ ಮಾತಲ್ಲ. ಅಂಥ ಮನೆಗೆ ನಾನು ಬಿಟ್‌ವಾರ್ಡನ್ ಅನ್ನೋ ಇನ್ನೊಂದು ಪಾಸ್‌ವರ್ಡ್ ಮ್ಯಾನೇಜರ್ ಹಾಕ್ಕೊಳ್ಳಿ ಅಂತಾನೇ ಹೇಳೋದು, ಅದೂ ಓಪನ್ ಸೋರ್ಸೇ.

ಮಾಸ್ಟರ್ ಪಾಸ್‌ವರ್ಡ್ ಮರೆತ್ರೆ? ಮುಗೀತು. ಫರ್ಗಾಟ್ ಪಾಸ್‌ವರ್ಡ್ ಬಟನ್ ಇಲ್ಲ, ಫೋನ್ ಮಾಡೋಕೆ ಕಸ್ಟಮರ್ ಕೇರ್ ಇಲ್ಲ. ಫೈಲ್ ಕಳ್ಕೊಂಡ್ರೂ ಅದೇ ಕತೆ. ಇದನ್ನ ನಾನು ದೋಷ ಅಂತ ಹೇಳಲ್ಲ, ಬೇರೆಯವರಿಗೆ ತೆರೆಯೋಕೆ ಆಗಬಾರದು ಅಂದ್ರೆ ತಯಾರಿಸಿದವರಿಗೂ ಆಗಬಾರದು. ಆದ್ರೆ ಅದಕ್ಕೆ ತಯಾರಿ ಬೇಕು. ಪಾಸ್‌ಫ್ರೇಸನ್ನ ಒಂದು ಕಾಗದದ ಮೇಲೆ ಬರೆದು ಮನೆಯಲ್ಲಿ ಮುಖ್ಯ ಕಾಗದಪತ್ರ ಇಡೋ ಜಾಗದಲ್ಲೇ ಇಡಿ, ನಿಮಗೆ ಏನಾದ್ರೂ ಆದ್ರೆ ಮನೆಯವರಿಗೂ ಬೇಕಾಗುತ್ತೆ. ಪಾಸ್‌ವರ್ಡ್ ಕದಿಯೋರು ಇರೋದು ನೆಟ್ಟಲ್ಲಿ, ನಿಮ್ಮ ಬೀರುವಲ್ಲಲ್ಲ. ಫೈಲಿನ ಕಾಪಿ ಪೆನ್‌ಡ್ರೈವಲ್ಲೊಂದು, ಬೇರೆ ಕಡೆ ಇನ್ನೊಂದು ಇರಲಿ. ಸೇವ್ ಮಾಡೋ ಮುಂಚೆ ಹಳೇ ಫೈಲ್ ಬ್ಯಾಕಪ್ ತಗೋ ಅನ್ನೋ ಸೆಟ್ಟಿಂಗ್ ಆನ್ ಮಾಡ್ಕೊಳ್ಳಿ. ಕೀ ಫೈಲ್ (ಪಾಸ್‌ವರ್ಡ್ ಜೊತೆಗೆ ಬೇಕಾಗೋ ಇನ್ನೊಂದು ಫೈಲ್) ಬಳಸೋರು ಅದನ್ನ ಡೇಟಾಬೇಸ್ ಇರೋ ಕ್ಲೌಡ್ ಫೋಲ್ಡರಲ್ಲೇ ಇಟ್ರೆ ಇಟ್ಟಿದ್ದಕ್ಕೆ ಅರ್ಥ ಇರಲ್ಲ.

ಡೌನ್‌ಲೋಡ್ ಮಾಡೋವಾಗ ಸರ್ಚ್ ರಿಸಲ್ಟಲ್ಲಿ ಮೇಲೆ ಬರೋ ಜಾಹೀರಾತನ್ನ ಒತ್ತಲೇಬೇಡಿ. 2023ರಲ್ಲಿ ಮೂಲ ಕೀಪಾಸ್ ಹೆಸರಲ್ಲಿ ಗೂಗಲ್ ಜಾಹೀರಾತು ಹಾಕಿ, ವಿಳಾಸದ ಮೊದಲ ಅಕ್ಷರದ ಕೆಳಗೆ ಒಂದು ಸಣ್ಣ ಗುರುತು ಮಾತ್ರ ಬೇರೆ ಇರೋ ನಕಲಿ ಸೈಟಿಂದ ಮಾಲ್ವೇರ್ ಹಂಚಿದ್ರು. ಸ್ಕ್ರೀನ್ ಮೇಲೆ ಧೂಳು ಕೂತಿದೆ ಅಂದ್ಕೊಳ್ಳೋಷ್ಟು ಸಣ್ಣ ಗುರುತು. ಕೀಪಾಸ್‌ಎಕ್ಸ್‌ಸಿ ಡಾಟ್ ಆರ್ಗ್ ಅಂತ ಕೈಯಲ್ಲೇ ಟೈಪ್ ಮಾಡಿ ಹೋಗಿ.

ನೋಡೋಕೆ ಹಳೇ ಕಾಲದ ಪ್ರೋಗ್ರಾಮ್ ತರ ಇದೆ, ನನಗೆ ಅದು ಲೆಕ್ಕಕ್ಕೇ ಬರಲ್ಲ. ಕಾಪಿ ಮಾಡಿದ ಪಾಸ್‌ವರ್ಡ್ ಹತ್ತು ಸೆಕೆಂಡಿಗೆ ಕ್ಲಿಪ್‌ಬೋರ್ಡಿಂದ ಅಳಿಸಿಹೋಗುತ್ತೆ, ಪ್ರತಿ ಎಂಟ್ರಿಗೂ ಹಿಸ್ಟರಿ ಇರುತ್ತೆ, ತಪ್ಪಾಗಿ ಬದಲಾಯಿಸಿದ್ರೆ ಹಳೇದು ಸಿಗುತ್ತೆ. ಇಂಥ ಸಣ್ಣ ಸಣ್ಣ ಕಡೆ ಮಾಡಿದವರು ಎಷ್ಟು ಯೋಚನೆ ಮಾಡಿದಾರೆ ಅಂತ ಕಾಣುತ್ತೆ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಕಳೆದಿದ್ದು ಫೋನಿಗೆ ಸ್ವಂತ ಆಪ್ ಇಲ್ಲ ಅನ್ನೋದಕ್ಕೆ. ಶುರು ಮಾಡೋರು ಎಲ್ಲಾ ಅಕೌಂಟ್ ಒಂದೇ ದಿನ ಬದಲಾಯಿಸೋಕೆ ಹೋಗ್ಬೇಡಿ, ಸುಸ್ತಾಗಿ ಅರ್ಧಕ್ಕೇ ಬಿಡ್ತೀರ. ಮೊದಲು ಇಮೇಲ್, ಯಾಕಂದ್ರೆ ಬೇರೆಲ್ಲಾ ಪಾಸ್‌ವರ್ಡ್ ರೀಸೆಟ್ ಆಗೋದು ಅಲ್ಲಿಂದಾನೇ. ಆಮೇಲೆ ದುಡ್ಡಿರೋ ಅಕೌಂಟ್‌ಗಳು, ಆಮೇಲೆ ಗೇಮ್‌ಗಳು, ಉಳಿದಿದ್ದನ್ನ ಯಾವಾಗ ಲಾಗಿನ್ ಆಗ್ತೀರೋ ಆವಾಗ ಒಂದೊಂದಾಗಿ. ಬ್ರೌಸರಲ್ಲಿರೋ ಹಳೇ ಪಾಸ್‌ವರ್ಡ್‌ಗಳನ್ನ ಸಿಎಸ್‌ವಿ ಫೈಲಾಗಿ ತೆಗೆದು ಇದರೊಳಗೆ ಇಂಪೋರ್ಟ್ ಮಾಡಬಹುದು, ಆದ್ರೆ ಆ ಸಿಎಸ್‌ವಿಯಲ್ಲಿ ಎಲ್ಲಾ ಪಾಸ್‌ವರ್ಡ್ ಬರೀ ಅಕ್ಷರಗಳಾಗೇ ಇರುತ್ತೆ, ಇಂಪೋರ್ಟ್ ಸರಿಯಾಗಿದೆ ಅಂತ ನೋಡ್ಕೊಂಡ ತಕ್ಷಣ ಅದನ್ನ ಡಿಲೀಟ್ ಮಾಡಿ, ರಿಸೈಕಲ್ ಬಿನ್ನಿಂದಾನೂ ತೆಗೀರಿ, ಡೌನ್‌ಲೋಡ್ಸ್ ಫೋಲ್ಡರ್ ಕ್ಲೌಡ್‌ಗೆ ಸಿಂಕ್ ಆಗೋ ಹಾಗಿದ್ರೆ ಅಲ್ಲಿನ ಟ್ರ್ಯಾಶೂ ಒಮ್ಮೆ ನೋಡಿ, ಆಮೇಲೆ ಬ್ರೌಸರ್ ಒಳಗಿರೋ ಹಳೇ ಪಟ್ಟಿನೂ ಅಳಿಸಿ.