ಜಿಯಾಂಟ್-4: ಸೀಸ ಕೊಳ್ಳದೆ ಕ್ಯಾಲೊರಿಮೀಟರ್ ಕಟ್ಟಿದ ಅನುಭವ

ಕ್ಯಾಲೊರಿಮೀಟರ್ (ಕಣಗಳ ಶಕ್ತಿ ಅಳೆಯುವ ಉಪಕರಣ) ವಿನ್ಯಾಸ ಮಾಡಬೇಕು, ಕೈಯಲ್ಲಿ ದುಡ್ಡಿಲ್ಲ ಅನ್ನುವವರಿಗೆ, ಕಣಗಳು ವಸ್ತುವಿನೊಳಗೆ ಹಾಯುವುದನ್ನು ಕಂಪ್ಯೂಟರ್‌ನಲ್ಲೇ ಅನುಕರಿಸಿ ತೋರಿಸುವ ಜಿಯಾಂಟ್-4 ಸಾಫ್ಟ್‌ವೇರ್ ಒಳ್ಳೆಯ ಆಸರೆ. 1998ರಿಂದ ಇದೆ, ಪೂರ್ತಿ ಪುಕ್ಕಟೆ. ಆದರೆ ಸಿ++ ಪ್ರೋಗ್ರಾಮಿಂಗ್ ಭಾಷೆ ಬರಲೇಬೇಕು.

ನಾನು ಶುರು ಮಾಡಿದ್ದು ಅದರ ಜೊತೆಗೇ ಬರುವ ಬಿ4 ಉದಾಹರಣೆಯಿಂದ. 10 ಪದರ, ಪ್ರತಿಯೊಂದರಲ್ಲೂ 10 ಮಿ.ಮೀ. ಸೀಸ, 5 ಮಿ.ಮೀ. ದ್ರವ ಆರ್ಗಾನ್. ಸೀಸದೊಳಗೆ ಎಲೆಕ್ಟ್ರಾನ್ ಫೋಟಾನ್ ಉಗುಳುತ್ತದೆ, ಫೋಟಾನ್ ಮತ್ತೆ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿ ಹುಟ್ಟಿಸುತ್ತದೆ, ಹೀಗೇ ಕಣಗಳ ಮಳೆ ಸುರಿದು ಆರ್ಗಾನ್‌ನಲ್ಲಿ ಬಿದ್ದ ಚೂರುಪಾರು ಶಕ್ತಿಯಿಂದ ಒಟ್ಟು ಲೆಕ್ಕ ಹಾಕಬೇಕು, ಅಗುಳು ಹಿಸುಕಿ ಅನ್ನ ನೋಡಿದ ಹಾಗೆ. ಸೀಸದ ಬದಲು ಟಂಗ್‌ಸ್ಟನ್ ಹಾಕಿ ನೋಡಿ, ಮಳೆ ಗಿಡ್ಡವಾಗುತ್ತದೆ. ಮುಂದಿನ ಕೊಲೈಡರ್‌ಗಳಿಗೆ (ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರಗಳಿಗೆ) ಸಿಲಿಕಾನ್-ಟಂಗ್‌ಸ್ಟನ್ ಕ್ಯಾಲೊರಿಮೀಟರ್ ಬೇಕು ಅಂತ ಯಾಕೆ ಹೇಳ್ತಾರೆ ಅಂತ ನನಗೆ ಅರ್ಥವಾಗಿದ್ದು ಆಗಲೇ.

ಎಲೆಕ್ಟ್ರಾನ್ ಬದಲು ಪಯಾನ್ (ನ್ಯೂಕ್ಲಿಯಸ್‌ಗೇ ಡಿಕ್ಕಿ ಹೊಡೆಯುವ ಇನ್ನೊಂದು ಕಣ) ಬಂದಾಗ ತಲೆನೋವು. ನ್ಯೂಕ್ಲಿಯಸ್ ಒಡೆಯಲು ಖರ್ಚಾದ ಶಕ್ತಿ ಕಾಣುವುದೇ ಇಲ್ಲ, ಫಿಸಿಕ್ಸ್ ಲಿಸ್ಟ್ (ಲೆಕ್ಕಕ್ಕೆ ಆರಿಸಿಕೊಳ್ಳುವ ಭೌತ ಮಾದರಿಗಳ ಪಟ್ಟಿ) ಬದಲಿಸಿದರೆ ಉತ್ತರವೂ ಸ್ವಲ್ಪ ಬದಲು. 80 ಜಿಇವಿ (ಕಣಗಳ ತೂಕ, ಶಕ್ತಿ ಅಳೆಯುವ ಮಾನ) ತೂಕದ ಡಬ್ಲ್ಯೂ ಕಣ, 91ರ ಝಡ್ ಕಣ ಬೇರೆ ಮಾಡಲು, ಅವು ಒಡೆದಾಗ ಚಿಮ್ಮುವ ಜೆಟ್‌ಗಳ (ಕಣಗಳ ಗೊಂಚಲುಗಳ) ಶಕ್ತಿಯನ್ನು 3-4% ನಿಖರತೆಯಲ್ಲಿ ಅಳೆಯಬೇಕು ಅಲ್ವಾ, ಹಾಗಾಗಿ ಬೀಮ್ ಟೆಸ್ಟ್ (ನಿಜವಾದ ಕಣಗಳನ್ನು ಹಾಯಿಸಿ ಮಾಡುವ ಪರೀಕ್ಷೆ) ಜೊತೆ ತಾಳೆ ನೋಡದೆ ಸುಮ್ನೆ ನಂಬಬೇಡಿ. ಶಕ್ತಿ ಜಾಸ್ತಿಯಾದಷ್ಟೂ ನಿಧಾನ, ರನ್ ಹಾಕಿ ಊಟ ಮುಗಿಸಿ ಬನ್ನಿ. 5ಕ್ಕೆ 4.