ಪಕ್ಷಗಳಿಲ್ಲದ ಸಭೆಯ ಒಳಗೆ: ಯೆಲ್ಲೋನೈಫ್ ಶಾಸನಸಭಾ ಭವನದ ಉಚಿತ ವೀಕ್ಷಣೆ

ಧ್ರುವಪ್ರಭೆಯನ್ನು ನೋಡಲೆಂದು ಕೆನಡಾದ ಉತ್ತರ ಭಾಗಕ್ಕೆ ಹೋಗುವವರಿಗೆ ಯೆಲ್ಲೋನೈಫ್ ಎಂದರೆ ರಾತ್ರಿಯ ಊರು. ಹಗಲು ಬರಿಯ ಕಾಯುವಿಕೆ. ನಾನೂ ಹಾಗೆಯೇ ಎಣಿಸಿ, ಹಣ ತೆತ್ತು ಒಂದು ನಗರ ಪ್ರವಾಸದ ವ್ಯಾನು ಹತ್ತಿದ್ದೆ. ಆ ವ್ಯಾನು, ಯೆಲ್ಲೋನೈಫ್ ರಾಜಧಾನಿಯಾಗಿರುವ ನಾರ್ತ್‌ವೆಸ್ಟ್ ಟೆರಿಟರೀಸ್ ಎಂಬ ಪ್ರದೇಶದ ಶಾಸನಸಭಾ ಭವನದ ಎದುರು ಐದು ನಿಮಿಷ ನಿಂತು, ಎಲ್ಲರಿಗೂ ಫೋಟೊ ತೆಗೆದುಕೊಳ್ಳಲು ಹೇಳಿ ಮುಂದಕ್ಕೆ ಹೊರಟುಹೋಯಿತು. ಒಳಗೆ ಸಾರ್ವಜನಿಕರನ್ನು ಬಿಡುತ್ತಾರೆ, ಮಾರ್ಗದರ್ಶಕರೊಂದಿಗೆ ಉಚಿತವಾಗಿ ತೋರಿಸುತ್ತಾರೆ ಎಂಬ ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮರುದಿನ ನಾನೇ ನಡೆದು ಹೋದೆ. ಒಂದು ಡಾಲರನ್ನೂ ಕೇಳದ ಈ ಸೇವೆಯನ್ನು ಹಿಂದಿನ ದಿನದ ದುಬಾರಿ ಸುತ್ತಾಟಕ್ಕಿಂತ ಎಷ್ಟೋ ಮೇಲಿನ ಸ್ಥಾನದಲ್ಲಿ ಇಡುತ್ತೇನೆ. ಕಾರಣ ಕಟ್ಟಡದ ಚೆಲುವಷ್ಟೇ ಅಲ್ಲ: ಉತ್ತರದ ಒಬ್ಬ ಶಾಸಕ ಎಂದರೆ ಯಾರು, ಆತ ಎಲ್ಲಿಂದ ಬಂದವನು, ಜನ ಅವನನ್ನು ಯಾವುದನ್ನು ನೋಡಿ ಆರಿಸುತ್ತಾರೆ ಎಂಬುದು ಇಲ್ಲಿ ಅರ್ಥವಾಗುವಷ್ಟು ಚೆನ್ನಾಗಿ ಬೇರೆಲ್ಲೂ ಅರ್ಥವಾಗದು.

ಭವನವು ಫ್ರೇಮ್ ಸರೋವರದ ದಡದಲ್ಲಿದೆ. 1993ರಲ್ಲಿ ಬಳಕೆಗೆ ಬಂತು. ಅದಕ್ಕೂ ಮೊದಲು ಈ ಸಭೆಗೆ ಸ್ವಂತ ಮನೆಯೇ ಇರಲಿಲ್ಲ. 1967ರವರೆಗೆ ಈ ವಿಶಾಲ ಪ್ರದೇಶದ ಆಡಳಿತ ನಡೆಯುತ್ತಿದ್ದುದು ದೂರದ ಒಟ್ಟಾವಾದಿಂದ. ಆಡಳಿತ ಯೆಲ್ಲೋನೈಫ್‌ಗೆ ಬಂದ ಮೇಲೂ ಸಭೆಯ ಅಧಿವೇಶನಗಳು ಹೋಟೆಲು, ಶಾಲೆ ಎಂದು ಸಿಕ್ಕಲ್ಲಿ ನಡೆಯುತ್ತ ಊರೂರು ಸುತ್ತಿದವು. ಪೂರ್ತಿ ಚುನಾಯಿತ ಸದಸ್ಯರ ಸಭೆ ಬಂದದ್ದು 1975ರಲ್ಲಿ ಎಂದರೆ ಈ ಪ್ರಜಾತಂತ್ರ ಎಷ್ಟು ಎಳೆಯದು ಎಂದು ತಿಳಿದೀತು. ಸತುವಿನ ತಗಡು ಹೊದ್ದ ಕಟ್ಟಡ ಮರ ಬಂಡೆಗಳ ನಡುವೆ ತಲೆ ತಗ್ಗಿಸಿ ಕುಳಿತಂತಿದೆ. ರಾಜಧಾನಿಯ ಭವನಗಳಿಗೆ ಸಾಮಾನ್ಯವಾದ ಮೆಟ್ಟಿಲುಸಾಲಿನ ಠೀವಿ ಇದಕ್ಕಿಲ್ಲ. ಸುತ್ತಲಿನ ಭೂದೃಶ್ಯವನ್ನು ರೂಪಿಸಿದವರು ಕಾರ್ನೀಲಿಯಾ ಹಾನ್ ಓಬರ್‌ಲ್ಯಾಂಡರ್. ಅವರು ಹೊರಗಿನ ಅಲಂಕಾರದ ಗಿಡಗಳನ್ನು ತಂದು ನೆಡದೆ, ಆ ನೆಲದ ಸಸ್ಯಗಳಿಂದಲೇ ಸಸಿ ಮಾಡಿಸಿ ಮತ್ತೆ ಅಲ್ಲಿಯೇ ನೆಡಿಸಿದರು. ಭವನವನ್ನು ನೋಡಲು ಬಂದವರು ಒಳಗೆ ಹೋಗುವ ಅವಸರದಲ್ಲಿ ಇದನ್ನು ಗಮನಿಸದೆ ದಾಟಿಬಿಡುವುದು ಸಹಜ.

ಸಭಾಂಗಣ ದುಂಡಗಿದೆ. ಸರ್ಕಾರದ ಸಾಲು, ವಿರೋಧ ಪಕ್ಷದ ಸಾಲು ಎಂದು ಎದುರುಬದುರಾಗಿ ಕೂರಿಸುವ ಬ್ರಿಟಿಷ್ ಕ್ರಮ ಇಲ್ಲಿಲ್ಲ. ಹತ್ತೊಂಬತ್ತು ಸದಸ್ಯರೂ ಒಂದೇ ವರ್ತುಲದಲ್ಲಿ ಕೂರುತ್ತಾರೆ, ನಡುವೆ ಹಿಮಕರಡಿಯ ಚರ್ಮ ಹಾಸಿದೆ. ದುಭಾಷಿಗಳಿಗೆ ಪ್ರತ್ಯೇಕ ಕೋಣೆಗಳಿವೆ, ಏಕೆಂದರೆ ಈ ಪ್ರದೇಶಕ್ಕೆ ಹನ್ನೊಂದು ಅಧಿಕೃತ ಭಾಷೆಗಳು. ಇಂಗ್ಲಿಷ್ ಮತ್ತು ಫ್ರೆಂಚ್ ಬಿಟ್ಟರೆ ಉಳಿದ ಒಂಬತ್ತೂ ಚಿಪವಾಯನ್, ಕ್ರೀ, ಗ್ವಿಚಿನ್, ಇನುವಿಯಾಲುಕ್ಟುನ್ ಮುಂತಾದ ಮೂಲನಿವಾಸಿಗಳ ನುಡಿಗಳು. 2021ರ ಜನಗಣತಿಯಲ್ಲಿ ಇಡೀ ಪ್ರದೇಶದ ಜನಸಂಖ್ಯೆ 41,070. ಅದರಲ್ಲಿ ಅರ್ಧದಷ್ಟು ಯೆಲ್ಲೋನೈಫ್ ನಗರದಲ್ಲಿಯೇ ಇದೆ. ಉಳಿದವರು ಸುಮಾರು ಹದಿಮೂರು ಲಕ್ಷ ಚದರ ಕಿಲೋಮೀಟರ್ ನೆಲದ ಮೇಲೆ ಚದುರಿರುವ ಸಣ್ಣ ಸಣ್ಣ ಊರುಗಳಲ್ಲಿದ್ದಾರೆ. ಸಭೆಯ ಅಧಿಕಾರವನ್ನು ಸೂಚಿಸುವ ದಂಡ, ಅಂದರೆ ಮೇಸ್, 2000ದಲ್ಲಿ ಹೊಸದಾಗಿ ಬಂದದ್ದು. ಅದರ ಒಳಗೆ ಪ್ರದೇಶದ 33 ಊರುಗಳಿಂದ ತಂದ ಹರಳುಕಲ್ಲುಗಳಿದ್ದು, ದಂಡವನ್ನು ಹೊತ್ತು ನಡೆದಾಗ ಅವು ಸರಿದು ಮಳೆ ಸುರಿದಂಥ ಸದ್ದಾಗುತ್ತದೆ. ‘ಒಂದು ನೆಲ, ಹಲವು ದನಿ’ ಎಂಬ ಅರ್ಥದ ಮಾತನ್ನು ಹಲವು ಭಾಷೆಗಳಲ್ಲಿ ಅದರ ಮೇಲೆ ಕೆತ್ತಲಾಗಿದೆ.

ಇಷ್ಟನ್ನು ಯಾವ ಪ್ರವಾಸಿ ಕೈಪಿಡಿಯಾದರೂ ಹೇಳೀತು. ಭೇಟಿಯ ನಿಜವಾದ ಸತ್ವ ಇರುವುದು ಈ ವರ್ತುಲದಲ್ಲಿ ಕೂರುವವರ ವಿಷಯದಲ್ಲಿ. ಇಲ್ಲಿ ಪಕ್ಷಗಳಿಲ್ಲ. ಪ್ರತಿ ಅಭ್ಯರ್ಥಿಯೂ ಪಕ್ಷೇತರನಾಗಿಯೇ ನಿಲ್ಲುತ್ತಾನೆ. ಗೆದ್ದವರು ಸೇರಿ ತಮ್ಮೊಳಗಿನಿಂದಲೇ ಸಭಾಧ್ಯಕ್ಷರನ್ನು, ಮುಖ್ಯಮಂತ್ರಿಗೆ ಸಮಾನರಾದ ಪ್ರೀಮಿಯರ್ ಅವರನ್ನು, ಬಳಿಕ ಆರು ಮಂದಿ ಮಂತ್ರಿಗಳನ್ನು ಗುಪ್ತ ಮತದಾನದಿಂದ ಆರಿಸುತ್ತಾರೆ. ಲೆಕ್ಕ ಹಾಕಿದರೆ ಮಂತ್ರಿಮಂಡಲದಲ್ಲಿ ಏಳು, ಸಭಾಧ್ಯಕ್ಷರೊಬ್ಬರು, ಉಳಿದ ಹನ್ನೊಂದು ಮಂದಿ ಸಾಮಾನ್ಯ ಸದಸ್ಯರು. ಅಂದರೆ ಸರ್ಕಾರ ಸದಾ ಅಲ್ಪಸಂಖ್ಯಾತ. ಹನ್ನೊಂದರಲ್ಲಿ ಕೆಲವರನ್ನಾದರೂ ಒಪ್ಪಿಸದೆ ಒಂದು ಮಸೂದೆಯೂ ದಾಟದು. ಒಮ್ಮತದ ಸರ್ಕಾರ ಎಂದು ಇದನ್ನು ಕರೆಯುತ್ತಾರೆ. ಹೆಸರು ಕೇಳಿ ಇಲ್ಲಿ ಜಗಳವೇ ಇಲ್ಲವೆಂದು ತಿಳಿಯಬಾರದು. ಜಗಳಕ್ಕೆ ಪಕ್ಷದ ಬಣ್ಣವಿಲ್ಲ, ಅಷ್ಟೆ.

ಪಕ್ಷವಿಲ್ಲದ ಕಡೆ ಮತದಾರನ ಕೈಗೆ ಸಿಗುವುದೇನು? ಚಿಹ್ನೆಯಿಲ್ಲ, ಸಾಮೂಹಿಕ ಪ್ರಣಾಳಿಕೆಯಿಲ್ಲ, ದೂರದ ನಾಯಕನ ಅಲೆಯೂ ಇಲ್ಲ. ಸಿಗುವುದು ಎದುರಿಗೆ ನಿಂತ ಮನುಷ್ಯನ ಹಿನ್ನೆಲೆ ಮಾತ್ರ. ಹುಟ್ಟಿದ ಊರು, ಆಡುವ ನುಡಿ, ಊರಿನ ಆಡಳಿತ ಮಂಡಳಿಯಲ್ಲಿ ಕುಳಿತ ವರ್ಷಗಳು, ಶಾಲಾ ಸಮಿತಿಯಲ್ಲಿ ಮಾಡಿದ ಕೆಲಸ, ಮಕ್ಕಳ ಹಾಕಿ ತಂಡಕ್ಕೆ ಕೊಟ್ಟ ಸಂಜೆಗಳು, ಬೆಂಕಿ ನಂದಿಸುವ ಸ್ವಯಂಸೇವಕರ ಗುಂಪಿನಲ್ಲಿ ಇದ್ದರೋ ಇಲ್ಲವೋ ಎಂಬುದು. ಅಧಿಕೃತ ಪರಿಚಯಪತ್ರಗಳಲ್ಲಿ ಇಂಥ ಸಂಗತಿಗಳು ಬರುವುದನ್ನು ಕಂಡು ಹೊರಗಿನ ಓದುಗ ಇದೇನು ತಾಲ್ಲೂಕು ಮಟ್ಟದ ಸನ್ಮಾನ ಪತ್ರವೇ ಎಂದು ನಕ್ಕಾನು. ನಾನೂ ಮೊದಲು ನಕ್ಕೆ. ಆದರೆ ನೂರರ ಲೆಕ್ಕದ ಮತಗಳಲ್ಲಿ ಗೆಲುವು ತೀರ್ಮಾನವಾಗುವ ಕ್ಷೇತ್ರಗಳಲ್ಲಿ ಇವು ಅಲಂಕಾರದ ಸಾಲುಗಳಲ್ಲ, ಮತದಾರರು ಕಣ್ಣಾರೆ ಕಂಡು ತಾಳೆ ನೋಡಬಲ್ಲ ದಾಖಲೆಗಳು.

ಇದಕ್ಕೆ ಒಂದು ಕಾಲದ ಪ್ರೀಮಿಯರ್ ನೆಲ್ಲಿ ಕೂರ್ನೋಯಾ ಅವರ ಬದುಕಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಭವನಕ್ಕೆ ಹೋಗುವ ಮೊದಲು ಓದಿಕೊಳ್ಳಬೇಕಾದ ಒಂದೇ ಒಂದು ಹೆಸರು ಹೇಳಿ ಎಂದರೆ ನಾನು ಹೇಳುವುದು ಅವರದನ್ನೇ. 1940ರಲ್ಲಿ ಮೆಕೆಂಝಿ ನದಿಯ ಮುಖಜಭೂಮಿಯಲ್ಲಿರುವ ಅಕ್ಲಾವಿಕ್‌ನಲ್ಲಿ ಹುಟ್ಟಿದ ಅವರು ಇನುವಿಯಾಲುಯಿತ್, ಅಂದರೆ ಕೆನಡಾದ ಪಶ್ಚಿಮ ಆರ್ಕ್ಟಿಕ್‌ನ ಇನುಯಿಟ್ ಸಮುದಾಯದವರು. ತಾಯಿಯ ಕಡೆಯಿಂದ ಆ ನೆಲದ ಬಳುವಳಿ. ತಂದೆ ನಾರ್ವೆಯಿಂದ ಬಂದು ಬೇಟೆಯಿಂದ ಬದುಕಿದವರು. ಶಾಲಾ ಪಾಠಗಳು ಅವರಿಗೆ ಆಲ್ಬರ್ಟಾ ಪ್ರಾಂತ್ಯದ ಅಂಚೆ ಶಿಕ್ಷಣದ ಮೂಲಕ ಸಿಕ್ಕವು. ಮುಂದೆ ಇನುವಿಕ್ ಪಟ್ಟಣದಲ್ಲಿ, ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಸಿಬಿಸಿಯ ಬಾನುಲಿಯಲ್ಲಿ ಉದ್ಘೋಷಕಿಯಾಗಿ, ಕೇಂದ್ರದ ವ್ಯವಸ್ಥಾಪಕಿಯಾಗಿ ದುಡಿದರು. ರಸ್ತೆಗಳಿಲ್ಲದ ನಾಡಿನಲ್ಲಿ ಬಾನುಲಿಯ ದನಿ ಎಂದರೆ ಮನೆಮನೆಗೂ ಪರಿಚಿತವಾದ ದನಿ. ಅವರ ಸಾರ್ವಜನಿಕ ಬದುಕಿನ ಮೊದಲ ಬಂಡವಾಳ ಅದೇ ಎಂದು ನನಗನ್ನಿಸುತ್ತದೆ.

ಎರಡನೆಯ ಘಟ್ಟ ಭೂಮಿಯ ಹೋರಾಟ. ಬ್ಯೂಫರ್ಟ್ ಸಮುದ್ರ ಮತ್ತು ನದಿಯ ಮುಖಜಭೂಮಿಯಲ್ಲಿ ಎಣ್ಣೆ, ಅನಿಲಗಳ ಹುಡುಕಾಟ ಬಿರುಸಾದಾಗ, ಆ ನೆಲದಲ್ಲಿ ಬೇಟೆಯಾಡಿ ಬದುಕಿದವರನ್ನು ಕೇಳುವವರೇ ಇರಲಿಲ್ಲ. ಮೂಲಜನರ ಹಕ್ಕಿಗಾಗಿ ಕಟ್ಟಿದ, ಕೋಪ್ ಎಂಬ ಸಂಕ್ಷಿಪ್ತ ಹೆಸರಿನ ಸಮಿತಿಯ ಸ್ಥಾಪಕರಲ್ಲಿ ಕೂರ್ನೋಯಾ ಒಬ್ಬರು. ವರ್ಷಗಟ್ಟಲೆ ನಡೆದ ಮಾತುಕತೆಗಳ ಕೊನೆಗೆ 1984ರ ಜೂನ್ 5ರಂದು ಇನುವಿಯಾಲುಯಿತ್ ಅಂತಿಮ ಒಪ್ಪಂದಕ್ಕೆ ಸಹಿ ಬಿತ್ತು. ಸುಮಾರು 91,000 ಚದರ ಕಿಲೋಮೀಟರ್ ನೆಲದ ಒಡೆತನ ಆ ಸಮುದಾಯಕ್ಕೆ ಸಿಕ್ಕಿತು. ಅಷ್ಟರಲ್ಲಿ ಅವರು ಶಾಸಕಿಯೂ ಆಗಿದ್ದರು. 1979ರಿಂದ 1995ರವರೆಗೆ ಹದಿನಾರು ವರ್ಷ ಸಭೆಯಲ್ಲಿದ್ದು, ಹಲವು ಖಾತೆಗಳನ್ನು ನೋಡಿಕೊಂಡು, 1991ರಿಂದ ನಾಲ್ಕು ವರ್ಷ ಸರ್ಕಾರದ ಮುಖ್ಯಸ್ಥೆಯಾಗಿದ್ದರು. ಕೆನಡಾದಲ್ಲಿ ಒಂದು ಪ್ರಾಂತ್ಯ ಅಥವಾ ಟೆರಿಟರಿಯ ಸರ್ಕಾರವನ್ನು ನಡೆಸಿದ ಮೊದಲ ಮೂಲನಿವಾಸಿ ಮಹಿಳೆ ಅವರು. ಈ ಹೊಸ ಭವನಕ್ಕೆ ಸಭೆ ಕಾಲಿಟ್ಟದ್ದೂ ಅವರ ಅವಧಿಯಲ್ಲಿಯೇ.

ಇಲ್ಲಿಗೆ ಮುಗಿಸಿದ್ದರೆ ಅದು ಒಬ್ಬ ಯಶಸ್ವಿ ರಾಜಕಾರಣಿಯ ಪರಿಚಯವಾಗುತ್ತಿತ್ತು. ಅಧಿಕಾರ ಬಿಟ್ಟ ಮರುವರ್ಷ, 1996ರಲ್ಲಿ, ಅವರು ತಮ್ಮ ಸಮುದಾಯದ ಒಪ್ಪಂದದಿಂದ ಹುಟ್ಟಿದ ಇನುವಿಯಾಲುಯಿತ್ ಪ್ರಾದೇಶಿಕ ನಿಗಮದ ಅಧ್ಯಕ್ಷತೆ ವಹಿಸಿಕೊಂಡು, ಎರಡು ದಶಕ ಅಲ್ಲಿಯೇ ಉಳಿದರು. ಶಾಸಕತ್ವ ಅವರ ಸೇವೆಯ ಶಿಖರವಾಗಿರಲಿಲ್ಲ, ನಡುವಣ ಒಂದು ಅಧ್ಯಾಯವಾಗಿತ್ತು. ಊರಿನ ಕೆಲಸವನ್ನು ಸಭೆಗೆ ಹೋಗುವ ಏಣಿಯೆಂದು ನೋಡುವವರ ಚರಿತ್ರೆಯಲ್ಲಿ ಈ ಕೊನೆಯ ಭಾಗ ಇರುವುದಿಲ್ಲ.

ಉಳಿದವರ ಹಿನ್ನೆಲೆಗಳೂ ಇಷ್ಟೇ ಕುತೂಹಲಕರ. ಫೋರ್ಟ್ ಸಿಂಪ್ಸನ್‌ನ ನಿಕ್ ಸಿಬಿಸ್ಟನ್ ವಕೀಲರು. ಸಭೆಯಲ್ಲಿ ತಮ್ಮ ಸ್ಲೇವಿ ನುಡಿಯಲ್ಲಿ ಮಾತನಾಡುವ ಹಕ್ಕಿಗಾಗಿ ಹಟ ಹಿಡಿದವರು. 1985ರಿಂದ 1987ರವರೆಗೆ ಸರ್ಕಾರ ನಡೆಸಿ, ಮುಂದೆ ಕೆನಡಾ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯರಾದರು. ದುಭಾಷಿಗಳ ಕೋಣೆಗಳ ಗಾಜಿನ ಮುಂದೆ ನಿಂತಾಗ ನನಗೆ ನೆನಪಾದದ್ದು ಅವರೇ. ಫೋರ್ಟ್ ಗುಡ್ ಹೋಪ್‌ನ ಸ್ಟೀಫನ್ ಕಾಕ್ವಿ 1970ರ ದಶಕದಲ್ಲಿ ಮೆಕೆಂಝಿ ಕಣಿವೆಯ ಅನಿಲ ಕೊಳವೆಮಾರ್ಗವನ್ನು ವಿರೋಧಿಸಿದವರು, ಡೆನೆ ಮೂಲಜನರ ಡೆನೆ ನೇಷನ್ ಸಂಘಟನೆಯ ಅಧ್ಯಕ್ಷರಾಗಿದ್ದವರು. 2000ದಲ್ಲಿ ಪ್ರೀಮಿಯರ್ ಆದ ಮೇಲೆ ಅಂಥದೇ ಯೋಜನೆಯನ್ನು ಬೆಂಬಲಿಸಿದರು. ಮಾತು ಬದಲಿಸಿದರೆಂದು ದೂರುವುದು ಸುಲಭ. ಆದರೆ ನಡುವಿನ ಕಾಲದಲ್ಲಿ ಭೂಮಿಯ ಒಪ್ಪಂದಗಳಾಗಿ, ಮೂಲಜನರು ಬರಿಯ ಅಡ್ಡಿದಾರರಾಗಿ ಉಳಿಯದೆ ಪಾಲುದಾರರಾಗುವ ಸಾಧ್ಯತೆ ತೆರೆದಿತ್ತು ಎಂಬುದನ್ನೂ ಪರಿಗಣಿಸಬೇಕು. ಕ್ಯಾರೊಲಿನ್ ಕಾಕ್ರನ್ ಶಾಸಕಿಯಾಗುವ ಮುನ್ನ ಸಮಾಜ ಕಾರ್ಯಕರ್ತೆ. ಯೆಲ್ಲೋನೈಫ್‌ನಲ್ಲಿ ಆಸರೆಯಿಲ್ಲದ ಹೆಣ್ಣುಮಕ್ಕಳಿಗೆ ನೆಲೆ ಕೊಡುವ ಕೇಂದ್ರವನ್ನು ನಡೆಸಿದವರು. 2015ರಲ್ಲಿ ಅವರು ಮೊದಲ ಸಲ ಗೆದ್ದಾಗ ಹತ್ತೊಂಬತ್ತರಲ್ಲಿ ಇದ್ದ ಮಹಿಳೆಯರು ಇಬ್ಬರೇ. 2019ರಲ್ಲಿ ಒಂಬತ್ತು ಮಹಿಳೆಯರು ಗೆದ್ದರು, ಕಾಕ್ರನ್ ಪ್ರೀಮಿಯರ್ ಆದರು. 2021ರ ಉಪಚುನಾವಣೆಯಲ್ಲಿ ಇನ್ನೊಬ್ಬರು ಸೇರಿ ಮಹಿಳೆಯರೇ ಬಹುಮತವಾದರು. ಕೆನಡಾದ ಯಾವ ಶಾಸನಸಭೆಯಲ್ಲೂ ಅದಕ್ಕೆ ಮೊದಲು ಹಾಗಾಗಿರಲಿಲ್ಲ.

ಶಾಸಕರ ಸೇವೆಯನ್ನು ಅಳೆಯುವಾಗ ನಕ್ಷೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಉತ್ತರ ತುದಿಯ ನುನಾಕ್‌ಪುಟ್ ಕ್ಷೇತ್ರದಲ್ಲಿ ಇರುವುದು ನಾಲ್ಕೇ ಊರು: ಟುಕ್ಟೊಯಾಕ್ಟುಕ್, ಪಾಲಾಟುಕ್, ಸ್ಯಾಕ್ಸ್ ಹಾರ್ಬರ್, ಉಲುಖಾಕ್ಟೊಕ್. ಮೊದಲನೆಯದಕ್ಕೆ ವರ್ಷವಿಡೀ ಬಳಸಬಹುದಾದ ರಸ್ತೆ ಬಂದದ್ದು 2017ರ ನವೆಂಬರ್‌ನಲ್ಲಿ. ಉಳಿದ ಮೂರಕ್ಕೆ ಇಂದಿಗೂ ವಿಮಾನವೇ ಗತಿ, ಅದೂ ಹವೆ ಒಪ್ಪಿದರೆ. ಅಂಥ ಕಡೆಯ ಶಾಸಕರು ಮನೆಗಳ ಕೊರತೆ, ದಿನಸಿಯ ಬೆಲೆ, ರೋಗಿಯನ್ನು ದೂರದ ಆಸ್ಪತ್ರೆಗೆ ಸಾಗಿಸುವ ವಿಮಾನದ ವಿಷಯವನ್ನೇ ಮತ್ತೆ ಮತ್ತೆ ಎತ್ತಿದರೆ ಅದು ವಿಷಯದಾರಿದ್ರ್ಯವಲ್ಲ.

ಈ ವ್ಯವಸ್ಥೆಯ ಬಗ್ಗೆ ನನ್ನಲ್ಲಿ ಅನುಮಾನಗಳೂ ಉಳಿದಿವೆ. ವ್ಯಕ್ತಿಯ ಹಿನ್ನೆಲೆ ನೋಡಿ ಮತ ಹಾಕುವವನಿಗೆ ತನ್ನ ಶಾಸಕ ಸಿಗುತ್ತಾನೆಯೇ ಹೊರತು ತನಗೆ ಬೇಕಾದ ಸರ್ಕಾರ ಸಿಗುತ್ತದೆಂಬ ಭರವಸೆಯಿಲ್ಲ. ಪ್ರೀಮಿಯರ್ ಯಾರಾಗಬೇಕೆಂದು ಹೇಳುವ ನೇರ ಅವಕಾಶವೂ ಇಲ್ಲ. ಪರಿಚಯಪತ್ರ ಎಂಬ ಬರವಣಿಗೆಯದೇ ಒಂದು ಮಿತಿಯೂ ಇದೆ: ಲೋಕದ ಯಾವ ಮೂಲೆಯಲ್ಲಾದರೂ ಅದು ಹೊಂದಿದ ಹುದ್ದೆಗಳನ್ನು ಹೇಳುತ್ತದೆ, ಸೋತ ನಿರ್ಣಯಗಳನ್ನು ಹೇಳುವುದಿಲ್ಲ. ಅದಕ್ಕೆ ಮದ್ದು ಕಲಾಪದ ಮುದ್ರಿತ ದಾಖಲೆ. ಹ್ಯಾನ್ಸರ್ಡ್ ಎಂದು ಕರೆಯುವ ಆ ದಾಖಲೆಯಲ್ಲಿ ಒಬ್ಬ ಸದಸ್ಯನ ಒಂದು ಅಧಿವೇಶನದ ಪ್ರಶ್ನೆಗಳನ್ನಷ್ಟೇ ಓದಿದರೂ ಪರಿಚಯಪತ್ರದ ಯಾವ ಸಾಲು ನಿಜ, ಯಾವುದು ಶೋಭೆಗೆ ಎಂಬುದು ಗೊತ್ತಾಗುತ್ತದೆ.

ಹೋಗುವವರಿಗೆ ಒಂದೆರಡು ಸೂಚನೆ. ವೀಕ್ಷಣೆಯ ಹೊತ್ತುಗಳು ಬೇಸಿಗೆಯಲ್ಲಿ ಹೆಚ್ಚು, ಚಳಿಗಾಲದಲ್ಲಿ ಕಡಿಮೆ. ಮೊದಲೇ ವಿಚಾರಿಸಿಕೊಂಡು ಹೊರಡಿ. ಅಧಿವೇಶನ ನಡೆಯುವ ದಿನ ಸಿಕ್ಕರೆ ಬಿಡಬೇಡಿ: ಸಾರ್ವಜನಿಕರ ಗ್ಯಾಲರಿಯಲ್ಲಿ ಕುಳಿತು ಪ್ರಶ್ನೋತ್ತರ ವೇಳೆಯನ್ನು ಕೇಳುವುದಕ್ಕೂ ಖಾಲಿ ಸಭಾಂಗಣವನ್ನು ಸುತ್ತಿ ನೋಡುವುದಕ್ಕೂ ಊಟಕ್ಕೂ ಊಟದ ಎಲೆಗೂ ಇರುವಷ್ಟು ವ್ಯತ್ಯಾಸವಿದೆ. ಸಣ್ಣ ಮಕ್ಕಳಿಗೆ ಕರಡಿಯ ಚರ್ಮ ಹಿಡಿಸೀತು, ಒಮ್ಮತದ ಸರ್ಕಾರ ಹಿಡಿಸಲಾರದು. ಭವನದಿಂದ ಸರೋವರದ ಅಂಚಿನಲ್ಲಿಯೇ ನಡೆದರೆ ಪ್ರಿನ್ಸ್ ಆಫ್ ವೇಲ್ಸ್ ನಾರ್ದರ್ನ್ ಹೆರಿಟೇಜ್ ಸೆಂಟರ್ ಎಂಬ ವಸ್ತುಸಂಗ್ರಹಾಲಯ ಹತ್ತಿರದಲ್ಲಿದೆ. ಚಳಿಗಾಲವಾದರೆ ಹಗಲು ಬೇಗ ಮುಗಿಯುತ್ತದೆಯಾದ್ದರಿಂದ ಭವನವನ್ನು ಮೊದಲು, ಸಂಗ್ರಹಾಲಯವನ್ನು ಆಮೇಲೆ ಇಟ್ಟುಕೊಳ್ಳಿ.